ದೊಡ್ಡ ಬಡಗಿ, ಚಿಕ್ಕ ಬಡಗಿ

ಆಗಸ್ಟ್ 4

ನನ್ನ ಸೂಜಿಗೆ,

ಬಂದು ತಲುಪಿದೆ. ಎರಡು ದಿನ ಕಳೆಯಿತು, ಇನ್ನು ತೊಂಬತ್ತೆಂಟು. ಒಳಗೆ ಕಾಲಿಡುತ್ತಲೇ ಫೋನ್ ಇಸಿದುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಟಪಾಲು ಹೊರಡುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಿನಗೆ ಮೊದಲ ಪತ್ರ ಬರೆಯುತ್ತಿದ್ದೇನೆ, ನಗಬೇಡ.

ಈ ವಿಶ್ರಾಂತಿಗೃಹ ನಡೆಸುವವರು ಒಬ್ಬ ನಿವೃತ್ತ ನರ್ಸಮ್ಮ. ಎಲ್ಲರೂ ಮೇಟ್ರನ್ ಅನ್ನುತ್ತಾರೆ. ನಾವು ಹನ್ನೊಂದು ಮಂದಿ ಇದ್ದೇವೆ: ನನ್ನಂಥ ಪಾದ್ರಿಗಳು, ಇಬ್ಬರು ಹೆಡ್‌ಮಾಸ್ತರರು, ಒಬ್ಬ ಡಾಕ್ಟರು. ಎಲ್ಲರೂ ಓಡಿ ಓಡಿ ನಡುದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳೇ. ಬಂದ ದಿನ ದಿನಚರಿ ಕೊಡಿ ಅಂದೆ, ಅಂಥದ್ದು ಇಲ್ಲ ಅಂದರು. ಸರಿ, ನಾನೇ ಒಂದು ಮಾಡಿಕೊಂಡೆ. ಐದೂವರೆಗೆ ಮೌನ, ಆರೂಕಾಲಿಗೆ ಪ್ರಾರ್ಥನೆ, ಏಳಕ್ಕೆ ನಡಿಗೆ, ಏಳು ನಲವತ್ತಕ್ಕೆ ಮತ್ತೆ ಮೌನ. ಆಕೆ ಅದನ್ನು ಕನ್ನಡಕ ಏರಿಸಿ ಓದಿ, "ಪಾದ್ರಿಗಳೇ, ಮೌನಕ್ಕೂ ರೈಲು ಹಿಡಿಯೋ ಹಾಗೆ ಓಡ್ತೀರಲ್ಲ!" ಅಂದರು.

ನೀನೇ ಹೇಳು, ನನ್ನ ತಪ್ಪಾದರೂ ಎಷ್ಟು? ಅವತ್ತು ಬೆಳಿಗ್ಗೆ ದೀಕ್ಷಾಸ್ನಾನ, ಹನ್ನೊಂದಕ್ಕೆ ಮದುವೆ, ಮೂರಕ್ಕೆ ದೊಡ್ಡ ಬಡಗಿಯ ಮಣ್ಣು, ನಾಲ್ಕೂವರೆಗೆ ಸಮಿತಿ. ಆ ಅಣ್ಣತಮ್ಮಂದಿರನ್ನು ನಮ್ಮ ಚರ್ಚಿನ ಸಭೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ದೊಡ್ಡ ಬಡಗಿ, ಚಿಕ್ಕ ಬಡಗಿ, ಅಷ್ಟೇ. ಗುಂಡಿಯ ಹತ್ತಿರ ನಿಂತು ದೊಡ್ಡ ಅನ್ನುವ ಕಡೆ ಚಿಕ್ಕ ಅಂದುಬಿಟ್ಟೆ. "ನಮ್ಮ ಚಿಕ್ಕ ಬಡಗಿಯ ದೇಹವನ್ನು ಮಣ್ಣಿಗೂ ಆತ್ಮವನ್ನು ಕರ್ತನ ಕೈಗೂ ಒಪ್ಪಿಸುತ್ತೇವೆ." ಚಿಕ್ಕ ಬಡಗಿ ಎದುರಿಗೇ ನಿಂತಿದ್ದರು, ಕೈಯಲ್ಲಿ ಹಿಡಿಮಣ್ಣು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬದುಕಿದ್ದವನನ್ನು ಮಣ್ಣು ಮಾಡಿದ ಪಾದ್ರಿ ಅಂತ ಈಗ ಊರೆಲ್ಲ ಹೇಳುತ್ತಿರಬೇಕು. ಎರಡಕ್ಷರದ ತಪ್ಪಿಗೆ ನೂರು ದಿನದ ಗಡೀಪಾರು! ಮಾರನೆಯ ದಿನವೇ ಕಾರಿನಲ್ಲಿ ಹೋಗುತ್ತಾ ಫೋನ್ ಮಾಡಿ ಕ್ಷಮೆ ಕೇಳಿದೆನಲ್ಲ, ಪೂರ್ತಿ ಮೂರು ನಿಮಿಷ ಮಾತಾಡಿದೆ. ಅವರೂ "ಆಯ್ತು ಬಿಡಿ ಅಯ್ಯನೋರೇ" ಅಂದರು. ಚರ್ಚ್ ಸಮಿತಿಯ ಹಿರಿಯರಿಗೆ ಮಾತ್ರ ಸಮಾಧಾನವಾಗಲಿಲ್ಲ, ಇಲ್ಲಿಗೆ ಅಟ್ಟಿದರು.

ಹಿಂದಿನ ಹಾಳೆಯಲ್ಲಿ ಏಳು ಕೆಲಸ ಬರೆದಿದ್ದೇನೆ, ತಪ್ಪದೆ ಮಾಡಿಸು. ಚಿಕ್ಕ ಬಡಗಿ ಕಂಡರೆ ವಂದನೆ ತಿಳಿಸು.

ನಿನ್ನ,
ಕೈದಿ ನಂಬರ್ ಹನ್ನೊಂದು


ಆಗಸ್ಟ್ 10

ರೀ ಅಯ್ಯನೋರೇ,

ಪತ್ರ ಬಂತು. ವಿಳಾಸ ನೋಡಿ ಪೋಸ್ಟ್‌ಮ್ಯಾನ್ "ಇದೇನಮ್ಮಾ, ಡಾಕ್ಟರ ಚೀಟಿಯಾ?" ಅಂದ. ಇನ್ನಾದರೂ ಅಕ್ಷರ ಬಿಡಿಸಿ ಬರೆಯಿರಿ. ಹೇಗೂ ಅಲ್ಲಿ ನಿಮ್ಮನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ.

ನಿಮ್ಮ ಏಳು ಕೆಲಸದಲ್ಲಿ ಎರಡನ್ನು ನಾನು ಮಾಡಿದೆ, ಐದು ತಾವಾಗಿಯೇ ಆದವು. ನೀವಿಲ್ಲದಿದ್ದರೂ ಭಾನುವಾರ ಬರುತ್ತದೆ, ಗಾಬರಿಯಾಗಬೇಡಿ. ಬದಲಿಗೆ ಬಂದ ಚಿಕ್ಕ ವಯಸ್ಸಿನ ಅಯ್ಯನವರು ಪ್ರಸಂಗವನ್ನು ಹದಿನೆಂಟು ನಿಮಿಷಕ್ಕೆ ಮುಗಿಸುತ್ತಾರೆ. ಜನ ಹೊರಗೆ ನಿಂತು ಒಂದು ಗಂಟೆ ಹರಟುತ್ತಾರೆ. ನನಗೆ ಹೊಲಿಗೆ ರಾಶಿ ಬಿದ್ದಿದೆ. ಶಾಲೆ ಶುರುವಾಗಿ ಎರಡು ತಿಂಗಳಲ್ಲೇ ಎಲ್ಲರ ಪ್ಯಾಂಟೂ ಒಂದೇ ಸಲ ಉದ್ದವೋ ಗಿಡ್ಡವೋ ಆಗಿಬಿಟ್ಟಿದೆ.

ಚಿಕ್ಕ ಬಡಗಿ ಚೆನ್ನಾಗಿದ್ದಾರೆ.

ಹೊಟ್ಟೆ ತುಂಬ ತಿನ್ನಿ, ನಿಂತುಕೊಂಡು ತಿನ್ನಬೇಡಿ.

ನಿಮ್ಮ ಸೂಜಿ


ಆಗಸ್ಟ್ 14

ಸೂಜಿ,

ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಇಸ್ತ್ರಿ! ಹನ್ನೆರಡು ಹಾಸಿಗೆಯ ಚಾದರಗಳು. ನಲವತ್ತು ನಿಮಿಷದಲ್ಲಿ ಮುಗಿಸಿ ಮಡಚಿಟ್ಟೆ. ಮೇಟ್ರನ್ ಬಂದು ಒಂದೊಂದನ್ನೂ ಬಿಚ್ಚಿ, ಮೇಲೆ ನೀರು ಚಿಮುಕಿಸಿ, "ಇನ್ನೊಂದು ಸಲ" ಅಂದು ಹೊರಟುಹೋದರು. ಎರಡನೇ ಸಲ ಸಿಟ್ಟಿನಲ್ಲಿ ಒಂದನ್ನು ಸುಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನನ್ನ ಬೆನ್ನ ಹಿಂದೆ ಡಾಕ್ಟರು ಗೊಣಗಿದ್ದು ಕೇಳಿಸಿತು. ಆತನನ್ನು ಇಲ್ಲಿಗೆ ಕಳಿಸಿದ್ದು ಒಂದೇ ದಿನ ಎಂಬತ್ತು ರೋಗಿಗಳನ್ನು ನೋಡಿದ್ದಕ್ಕೆ. ಅವನೂ ನನಗೆ ಹೇಳುವವನಾದ.

ಸಂಜೆ ಊಟದ ಮೇಜಿನಲ್ಲಿ ಆಕೆ ಕೇಳಿದರು, ದೇವರು ಏಳನೆಯ ದಿನ ಕೆಲಸ ಬಿಟ್ಟು ಕೂತದ್ದು ಸುಸ್ತಾಗಿಯಾ ಅಂತ. ನಾನು ಮೂಲಭಾಷೆಯ ಶಬ್ದದಿಂದ ಹಿಡಿದು ಉತ್ತರ ಶುರು ಮಾಡಿದೆ. ಆಕೆ ನಡುವೆಯೇ "ಸೂಪು ಆರ್ತಾ ಇದೆ" ಅಂದರು.

ಚಿಕ್ಕ ಬಡಗಿ ಚೆನ್ನಾಗಿದ್ದಾರೆ ಅಂತ ಓದಿ ನಿರಾಳವಾಯಿತು. ಹಾಗಿದ್ದರೆ ಒಂದು ಕೆಲಸ. ಚರ್ಚಿನ ಪ್ರಸಂಗಪೀಠದ ಹಿಂಗಾಲು ಅಲ್ಲಾಡುತ್ತಿದೆ, ಅವರಿಗೆ ಹೇಳಿ ಸರಿಮಾಡಿಸು. ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೂ ಕೈಗೆ ಕೆಲಸ ಸಿಕ್ಕಿದರೆ ಹೋಗುತ್ತದೆ.

ನಿನ್ನವ


ಆಗಸ್ಟ್ 18

ಸೂಜಿ,

ಪೀಠದ ವಿಷಯ ಏನಾಯಿತು? ಉತ್ತರ ಬರೆ.


ಆಗಸ್ಟ್ 25

ಏನೇ ಇದು, ಹದಿನೈದು ದಿನದಿಂದ ಒಂದು ಸಾಲೂ ಇಲ್ಲ! ನಿನಗೆ ಮೈ ಹುಷಾರಿಲ್ಲವೋ? ಅಥವಾ ಆ ಹದಿನೆಂಟು ನಿಮಿಷದ ಅಯ್ಯನನ್ನೇ ಕಾಯಂ ಮಾಡಿಕೊಳ್ಳಲು ಸಮಿತಿಯವರು ಹೊರಟಿದ್ದಾರೋ? ಇದ್ದರೆ ಇದೆ ಅಂತ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಹತ್ತೊಂಬತ್ತು ವರ್ಷ ಆ ಸಭೆಗೆ ಗಾಣದೆತ್ತಿನಂತೆ ದುಡಿದಿದ್ದೇನೆ. ಒಂದು ಬಾಗಿಲನ್ನು ತಟ್ಟದೆ ಬಿಟ್ಟಿದ್ದೇನಾ?

ಇಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮಾಡಬೇಕಾದ ಕೆಲಸಗಳು ಸಾಲಾಗಿ ಬಂದು ನಿಲ್ಲುತ್ತವೆ. ಶುಕ್ರವಾರದ ಟಪಾಲಿನಲ್ಲಿ ನಿನ್ನ ಪತ್ರ ಇಲ್ಲದಿದ್ದರೆ ನಾನು ಹೊರಟು ಬರುವವನೇ.


ಸೆಪ್ಟೆಂಬರ್ 1

ರೀ,

ನನಗೇನೂ ಆಗಿಲ್ಲ. ನಿಮ್ಮ ಕೆಲಸಕ್ಕೂ ಏನೂ ಆಗಿಲ್ಲ. ಬರೆಯದೆ ಇದ್ದದ್ದು ಏನು ಬರೆಯಬೇಕೆಂದು ತಿಳಿಯದೆ. ಸುಳ್ಳು ಒಂದು ಸಲ ಬರೆದಾಗಿತ್ತು, ಎರಡನೇ ಸಲ ಕೈ ಬರಲಿಲ್ಲ.

ಚಿಕ್ಕ ಬಡಗಿ ಚೆನ್ನಾಗಿಲ್ಲ. ಮಣ್ಣಾದ ದಿನ ಬಂದು ಮನೆಯೊಳಗೆ ಕೂತವರು ಆರು ವಾರದಿಂದ ಕೆಲಸದ ಕೊಠಡಿಯ ಬಾಗಿಲು ತೆಗೆದಿಲ್ಲ. ಊಟ ಮುಂದಿಟ್ಟರೆ ಎರಡು ತುತ್ತು. ಅಳುವುದೂ ಇಲ್ಲ. ಅವರ ಹೆಂಡತಿ ನನ್ನ ಹತ್ತಿರ ಬಟ್ಟೆ ಕೊಡಲು ಬಂದವರು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಮೂರು ತೂತು ಹೊಸದಾಗಿ ಹೊಡೆದರೂ ಬೆಲ್ಟು ನಿಲ್ಲುತ್ತಿಲ್ಲ, ಪ್ಯಾಂಟನ್ನೇ ಒಳಗೆ ಹಿಡಿಯಬೇಕು ಅಂದರು. ಅಳತೆ ನೋಡಿ ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಆ ಮನುಷ್ಯ ಉಳಿಯುವುದಿಲ್ಲ ರೀ.

ಅಂದಿನಿಂದ ಮಧ್ಯಾಹ್ನ ಹೊಲಿಗೆ ತೆಗೆದುಕೊಂಡು ಹೋಗಿ ಅವರ ಮನೆಯಲ್ಲಿ ಕೂರುತ್ತೇನೆ. ಒಮ್ಮೆ, ನಮ್ಮ ಮನೆಗೊಂದು ಮೇಜು ಬೇಕಿತ್ತು ಅಂದೆ. ಮಾತಾಡಿಸೋಣ ಅಂತ. "ಸತ್ತೋನ ಹತ್ರ ಯಾರಾದ್ರೂ ಮೇಜು ಮಾಡಿಸ್ತಾರಾ ಅಮ್ಮಾ?" ಅಂದರು. ನಗು ಇರಲಿಲ್ಲ. ಆ ಎರಡಕ್ಷರ ಆ ಮನುಷ್ಯನನ್ನು ಒಳಗೇ ತಿಂದುಹಾಕಿದೆ.

ಇನ್ನು ನಿಮ್ಮ ಪೀಠ. ಅದನ್ನು ಮಾಡಿದ್ದು ಯಾರು ಗೊತ್ತಾ? ದೊಡ್ಡ ಬಡಗಿ. ಅದರ ಕಾಲು ಸರಿಮಾಡಲು ತಮ್ಮನಿಗೆ ಹೇಳು ಅಂತ ಬರೆದಿರಲ್ಲ! ಆ ಪತ್ರ ಓದಿ ನನಗೆ ಎಷ್ಟು ಸಿಟ್ಟು ಬಂತು ಅಂದರೆ ಕತ್ತರಿ ತಪ್ಪಿ ಯಾರದೋ ತೋಳು ಗಿಡ್ಡವಾಯಿತು.

ಇದನ್ನು ಮೊದಲೇ ಹೇಳದೆ ಇದ್ದದ್ದು ನೀವು ಎದ್ದೆನೋ ಬಿದ್ದೆನೋ ಅಂತ ಓಡಿ ಬರುತ್ತೀರೆಂದು. ಓಡಿ ಬಂದು, ತಲೆಯ ಮೇಲೆ ಕೈಯಿಟ್ಟು, ಎರಡು ನಿಮಿಷ ಪ್ರಾರ್ಥಿಸಿ, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ "ಎಲ್ಲ ಸರಿಹೋಗುತ್ತೆ" ಅನ್ನುತ್ತೀರಿ. ಹಾಗೆ ಬರುವುದಾದರೆ ಬರಬೇಡಿ.


ಸೆಪ್ಟೆಂಬರ್ 4

ಸೂಜಿ,

ಪತ್ರ ಕೈಗೆ ಸಿಕ್ಕ ಕೂಡಲೇ ಮೇಟ್ರನ್ ಕೋಣೆಗೆ ನುಗ್ಗಿದೆ. ಫೋನ್ ಕೊಡಿ, ಹೊರಡುತ್ತೇನೆ, ಒಬ್ಬ ಮನುಷ್ಯ ಸಾಯುತ್ತಿದ್ದಾನೆ ಅಂದೆ. ಆಕೆ ತಡೆಯಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟರು.

"ಹೋಗಿ. ಹೋಗಿ ಏನು ಮಾಡ್ತೀರಿ?"

"ಕ್ಷಮೆ ಕೇಳ್ತೀನಿ."

"ಕೇಳಿದೀರಂತಲ್ಲ?"

"ಸರಿಯಾಗಿ ಕೇಳ್ತೀನಿ."

"ಆಮೇಲೆ?"

ಆಮೇಲೆ ಸಮಿತಿಯವರನ್ನು ನೋಡುತ್ತಿದ್ದೆ, ಎರಡು ಮನೆ ಭೇಟಿ ಮುಗಿಸುತ್ತಿದ್ದೆ, ನಿಜ ಹೇಳಬೇಕೆಂದರೆ ಆ ಕ್ಷಣಕ್ಕೇ ಬಸ್ಸಿನ ಸಮಯ ತಲೆಯಲ್ಲಿ ಓಡುತ್ತಿತ್ತು. ಬೀಗದ ಕೈ ಮುಟ್ಟದೆ ವಾಪಸು ಬಂದೆ. ಕೋಣೆಯಲ್ಲಿ ಕೂತು ಅವರಿಗೆ ನಾಲ್ಕು ಪುಟ ಬರೆದಿದ್ದೇನೆ, ಇದರೊಳಗಿದೆ. ದಯವಿಟ್ಟು ಸಿಕ್ಕ ದಿನವೇ ತಲುಪಿಸು. ಒಂದು ದಿನವೂ ತಡ ಮಾಡಬೇಡ.


ಸೆಪ್ಟೆಂಬರ್ 10

ರೀ,

ನಿಮ್ಮ ನಾಲ್ಕು ಪುಟವನ್ನು ಹಿಂದಕ್ಕೆ ಕಳಿಸಿದ್ದೇನೆ. ಕೊಡಲಿಲ್ಲ. ಅದು ಪತ್ರವಲ್ಲ, ಪ್ರಸಂಗ. ಮೊದಲನೆಯದಾಗಿ, ಎರಡನೆಯದಾಗಿ, ಕೊನೆಯದಾಗಿ ಅಂತ ಅಂಕಿ ಹಾಕಿದ್ದೀರಿ! ಎರಡನೇ ಪುಟದ ಕೊನೆಯಲ್ಲಿ "ದೇವರು ಎಂದೂ ಹೆಸರು ತಪ್ಪುವುದಿಲ್ಲ" ಅಂತ ಬರೆದಿದ್ದೀರಿ. ಅಂದರೆ ಏನು, ನೀವು ತಪ್ಪಿದರೂ ಪರವಾಗಿಲ್ಲ ಅಂತಲೇ? ಮೂರನೇ ಪುಟದಲ್ಲಿ ಅವತ್ತಿನ ನಿಮ್ಮ ಕಾರ್ಯಕ್ರಮದ ಪಟ್ಟಿ ಇದೆ. ಗಾಯದ ಮೇಲೆ ಬರೆ ಎಳೆದ ಹಾಗೆ.

ಸಡಿಲ ಜಾಸ್ತಿ. ಬಿಚ್ಚಿ ಮತ್ತೆ ಹೊಲಿಯಿರಿ.


ಸೆಪ್ಟೆಂಬರ್ 15

ಸೂಜಿ,

ನೀನು ನನ್ನ ಹೆಂಡತಿಯೋ ಪರೀಕ್ಷೆ ತಿದ್ದುವ ಮೇಡಮ್ಮೋ? ಮೂರು ದಿನ ಕೂತು ಅರ್ಧ ಪುಟಕ್ಕೆ ಇಳಿಸಿದ್ದೇನೆ. ಇದನ್ನಾದರೂ ಕೊಡು. ಇದೂ ಸರಿಯಿಲ್ಲದಿದ್ದರೆ ನೀನೇ ಬರೆದು ನನ್ನ ಸಹಿ ಹಾಕಿಬಿಡು, ಹೇಗೂ ನಿನಗೆ ಎಲ್ಲ ಗೊತ್ತಲ್ಲ. ಅಲ್ಲಿ ಅವರು ಕರಗುತ್ತಿದ್ದಾರೆ, ಇಲ್ಲಿ ನಾನು ಚಾದರಕ್ಕೆ ನೀರು ಚಿಮುಕಿಸುತ್ತಾ ಕೂತಿದ್ದೇನೆ. ಇದು ಯಾವ ವಿಶ್ರಾಂತಿ? ದೇವರು ಇದನ್ನೆಲ್ಲ ನೋಡಿ ಹೇಗೆ ಸುಮ್ಮನಿದ್ದಾನೋ!


ಸೆಪ್ಟೆಂಬರ್ 21

ರೀ,

ಅರ್ಧ ಪುಟದಲ್ಲಿ ಎರಡು "ಆದರೆ" ಇದೆ. "ತಪ್ಪಾಯಿತು, ಆದರೆ ಅವತ್ತಿನ ಒತ್ತಡದಲ್ಲಿ." "ನೋವಾಗಿರಬಹುದು, ಆದರೆ ಉದ್ದೇಶಪೂರ್ವಕವಲ್ಲ." ಆದರೆ ಬಂದ ಕೂಡಲೇ ಅದರ ಹಿಂದಿನದೆಲ್ಲ ಅಳಿಸಿಹೋಗುತ್ತದೆ, ನಿಮಗೆ ಗೊತ್ತಿಲ್ಲವಾ? ಹಿಂದಕ್ಕೆ ಕಳಿಸಿದ್ದೇನೆ. ಸಿಟ್ಟು ಮಾಡಿಕೊಳ್ಳಿ.

ನನಗೂ ಸಿಟ್ಟಿದೆ. ಬಡಗಿಯ ಹೆಂಡತಿಗಾಗಿ ಬಂದ ಸಿಟ್ಟು ಅಂದುಕೊಂಡಿದ್ದೆ. ಅಲ್ಲಿ ದಿನಾ ಕೂತು ಕೂತು ಅದು ನನ್ನದೇ ಅಂತ ಗೊತ್ತಾಯಿತು. ನಮ್ಮಮ್ಮ ಹೋದ ದಿನ ನೀವು ನನ್ನ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿದ್ದಿರಿ? ಒಂದು ಲೋಟ ಚಹಾ ಆರುವಷ್ಟು ಹೊತ್ತು. ಆಮೇಲೆ ಶವಪೆಟ್ಟಿಗೆ, ಹೂವು, ಗಾಡಿ, ಫೋನು. ಬಂದವರೆಲ್ಲ, ನಿಮ್ಮ ಯಜಮಾನರು ಎಷ್ಟು ಚುರುಕಪ್ಪಾ, ಎಲ್ಲ ಅಚ್ಚುಕಟ್ಟು ಅಂದರು. ಹೌದು, ಎಲ್ಲ ಅಚ್ಚುಕಟ್ಟಾಗಿತ್ತು. ನಾನು ಒಬ್ಬಳೇ ಇದ್ದೆ.

ಇದನ್ನು ಇಷ್ಟು ವರ್ಷ ಹೇಳಲಿಲ್ಲ, ಹೇಳುವುದಕ್ಕೆ ನೀವು ಕೂತಿದ್ದರೆ ತಾನೆ. ಉತ್ತರಕ್ಕೆ ಆತುರವಿಲ್ಲ.


ಅಕ್ಟೋಬರ್ 2

ಸೂಜಿ,

ಮೂರು ಟಪಾಲು ಬಿಟ್ಟೆ. ನೀನು ಗಾಬರಿಯಾಗಿದ್ದರೆ ಕ್ಷಮಿಸು. ನಿನ್ನ ಪತ್ರ ಓದಿದ ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಿದೆ, ಎಲ್ಲದರಲ್ಲೂ ನಾನೇ ಮುಂದೆ ಬಂದು ನಿಲ್ಲುತ್ತಿದ್ದೆ. ಅಮ್ಮನ ವಿಷಯದಲ್ಲಿ ನೀನು ಹೇಳಿದ್ದು ನಿಜ.

ಈಗ ಒಂದು ಚಾದರಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಮೂಲೆಗೆ ಮೂಲೆ ಹಿಡಿದು, ಇದರ ಮೇಲೆ ಇವತ್ತು ಮಲಗುವವರು ಯಾರು ಅಂತ ನೆನೆದು, ಅವರಿಗಾಗಿ ಒಂದು ಮಾತು ಪ್ರಾರ್ಥಿಸಿ, ಮುಂದಿನದಕ್ಕೆ ಹೋಗುತ್ತೇನೆ. ಡಾಕ್ಟರಿಗೆ ನಿದ್ದೆ ಬರುವುದಿಲ್ಲ. ಅದು ಅವರ ಚಾದರ ಇಸ್ತ್ರಿ ಮಾಡುವಾಗ ಕೇಳಿದ್ದಕ್ಕೆ ಗೊತ್ತಾಯಿತು. ಎರಡು ತಿಂಗಳು ಅವರ ಎದುರು ಕೂತು ಉಂಡಿದ್ದೆ, ಕೇಳಿರಲಿಲ್ಲ. ನಾನೇನೋ ಸಂತನಾಗಿಬಿಟ್ಟೆ ಅಂದುಕೊಳ್ಳಬೇಡ; ಏಳನೇ ಚಾದರಕ್ಕೆ ಬರುವಷ್ಟರಲ್ಲಿ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ.

ಬೈಬಲಿನ ಒಂದು ಭಾಗ ಓದುತ್ತಾ ಇದ್ದೇನೆ, ಆ ಒಂದೇ ಭಾಗವನ್ನು ಒಂಬತ್ತು ದಿನದಿಂದ. ಪ್ರೀತಿಯ ಸ್ನೇಹಿತ ಸತ್ತು ನಾಲ್ಕು ದಿನವಾದ ಮೇಲೆ ಕರ್ತನು ಸಮಾಧಿಯ ಹತ್ತಿರ ಬಂದದ್ದು. ಅದರ ಮೇಲೆ ಎಷ್ಟು ಪ್ರಸಂಗ ಮಾಡಿದ್ದೇನೋ. ಪ್ರತಿ ಸಲವೂ, ಆತನು ಸತ್ತವನನ್ನು ಎಬ್ಬಿಸಿದನು ಅನ್ನುವುದಕ್ಕೆ ಓಡಿದ್ದೇನೆ. ಅದಕ್ಕೂ ಮೊದಲು ಆತನು ಅತ್ತದ್ದನ್ನು ಒಂದು ಉಸಿರಿಗೆ ದಾಟಿಬಿಟ್ಟಿದ್ದೇನೆ. ಇನ್ನೊಂದು ಗಳಿಗೆಯಲ್ಲಿ ಎಬ್ಬಿಸುವವನಿಗೆ ಅಳುವ ಅಗತ್ಯ ಏನಿತ್ತು ಸೂಜಿ? ಆದರೂ ಮೊದಲು ನಿಂತು ಅತ್ತನು. ಇದನ್ನು ಯೋಚಿಸುತ್ತಾ ನಿನ್ನೆ ಬಾವಿಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು, ಊಟಕ್ಕೆ ಬಂದು ಕರೆದರು.

ಚಿಕ್ಕ ಬಡಗಿಯವರಿಗೆ ಬರೆದದ್ದು ಬೇರೆ ಚೀಟಿಯಲ್ಲಿದೆ. ಕೊಡಬಹುದು ಅನಿಸಿದರೆ ಕೊಡು.

(ಚೀಟಿ)
ಅವತ್ತು ಮಣ್ಣಿನ ಹತ್ತಿರ ನನ್ನ ಗಮನ ಅಲ್ಲಿರಲಿಲ್ಲ. ನಿಮಗೆ ನೋವು ಮಾಡಿದೆ. ತಪ್ಪು ನನ್ನದು.


ಅಕ್ಟೋಬರ್ 8

ರೀ,

ಇದನ್ನು ನಿಧಾನವಾಗಿ ಓದಿ, ನಾನೂ ನಿಧಾನವಾಗಿ ಬರೆಯುತ್ತೇನೆ.

ಚೀಟಿ ತೆಗೆದುಕೊಂಡು ಹೋದೆ. ಅವರ ಕನ್ನಡಕ ಕೆಲಸದ ಕೊಠಡಿಯಲ್ಲೇ ಉಳಿದಿದೆ, ಹೋಗಿ ತರುವುದಿಲ್ಲ. ಅದಕ್ಕೆ ನಾನೇ ಓದಿದೆ. ಆಮೇಲೆ, "ಇನ್ನೊಂದು ಸಲ ಓದಿ" ಅಂದರು. ಓದಿದೆ.

"ಅಮ್ಮಾ, ಅಯ್ಯನೋರು ನನ್ನ ಹತ್ರ ಯಾಕೆ ಕ್ಷಮೆ ಕೇಳ್ತಾರೆ?"

"ನಿಮ್ಮನ್ನ ಸತ್ತೋರು ಅಂದ್ರಲ್ಲ ಅದಕ್ಕೆ."

"ಅಯ್ಯೋ, ಅದಕ್ಕೇನಂತೆ! ಇವತ್ತಲ್ಲ ನಾಳೆ ಅನ್ನಿಸಿಕೊಳ್ಳೋದೇ ತಾನೆ. ನನಗೆ ಅದರದ್ದೇನೂ ಇಲ್ಲ. ನಮ್ಮಣ್ಣನ್ನ ಒಪ್ಪಿಸಲೇ ಇಲ್ವಲ್ಲಮ್ಮಾ."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು, ಈ ಮೂರು ತಿಂಗಳಲ್ಲಿ ಅಷ್ಟು ಮಾತು ಅವರ ಬಾಯಿಂದ ಬಂದದ್ದಿಲ್ಲ. "ಪೆಟ್ಟಿಗೆ ಇಳಿಸಿದ್ರು. ಮುಚ್ಚಿದ್ರು. ಹೇಳಬೇಕಾದ ಮಾತು ಮಾತ್ರ ಅವನ ಮೇಲೆ ಹೇಳಲಿಲ್ಲ, ನನ್ನ ಮೇಲೆ ಹೇಳಿಬಿಟ್ರು. ಅವನನ್ನ ಯಾರೂ ದೇವರ ಕೈಗೆ ಕೊಡಲಿಲ್ಲ. ಅವನು ಇನ್ನೂ ಅಲ್ಲೇ ನಿಂತಿದ್ದಾನೆ ಅನ್ಸುತ್ತೆ ನನಗೆ, ಬಾಗಿಲಲ್ಲಿ. ಇನ್ನೂ ಹೋಗಿಲ್ಲದೋನಿಗೆ ನಾನು ಹೇಗೆ ಅಳಲಿ?"

ನಾನು ಪಾದ್ರಿಯ ಹೆಂಡತಿಯಲ್ಲವಾ, ಬಾಯಿಗೆ ಬಂದದ್ದು ನಿಮ್ಮ ಮಾತೇ. "ದೇವರಿಗೆ ಗೊತ್ತಿರುತ್ತೆ ಅಣ್ಣಾ, ಯಾರು ಯಾರು ಅಂತ" ಅಂದೆ.

"ದೇವರಿಗೆ ಗೊತ್ತಮ್ಮಾ. ನಮಗೆ ಹೇಳಬೇಕಿತ್ತಲ್ಲ."

ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲ. ಸತ್ತವನ ಹತ್ತಿರ ಮೇಜು ಮಾಡಿಸುತ್ತಾರಾ ಅಂದದ್ದನ್ನು ನಾನೂ ತಪ್ಪಾಗಿಯೇ ತಿಳಿದೆ. ನಿಮ್ಮನ್ನು ಅಷ್ಟು ಅಂದವಳು, ಐದು ವಾರ ಆ ಮನುಷ್ಯನ ಪಕ್ಕದಲ್ಲಿ ಕೂತು, ನೋವಿಲ್ಲದ ಕಡೆ ಮುಲಾಮು ಹಚ್ಚುತ್ತಿದ್ದೆ. ಕೇಳಲೇ ಇಲ್ಲ ನೋಡಿ, ನಿಮಗೆ ಏನು ನೋವು ಅಂತ. ಮನೆಗೆ ಬಂದು ಯಂತ್ರದ ಮುಂದೆ ಕೂತೆ, ದಾರ ಪೋಣಿಸಲಾಗಲಿಲ್ಲ.


ಅಕ್ಟೋಬರ್ 13

ಸೂಜಿ,

ನಿನ್ನ ಪತ್ರವನ್ನು ಮೇಟ್ರನ್‌ಗೂ ಓದಿ ಹೇಳಿದೆ. ಆಕೆ ಎದ್ದು ಹೋಗಿ ಇನ್ನೊಂದು ಕುರ್ಚಿ ತಂದು ನನ್ನ ಪಕ್ಕಕ್ಕೆ ಹಾಕಿಕೊಂಡು ಕೂತರು. ಇಬ್ಬರೂ ಊಟದ ಗಂಟೆ ಹೊಡೆಯುವವರೆಗೆ ಹಾಗೇ ಇದ್ದೆವು.

ದೊಡ್ಡ ಬಡಗಿಯ ಬಗ್ಗೆ ನನಗೆ ಏನು ಗೊತ್ತು ಅಂತ ಒಂದು ಹಾಳೆಯಲ್ಲಿ ಬರೆಯಲು ಕೂತೆ. ಎಡಗಡೆ ಮೂರನೇ ಬೆಂಚು. ಹಾಡುತ್ತಿರಲಿಲ್ಲ. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲೇ ಇದ್ದರು. ಅಷ್ಟೇ ಸೂಜಿ. ಹತ್ತೊಂಬತ್ತು ವರ್ಷ ಭಾನುವಾರ ಭಾನುವಾರ ಬಾಗಿಲಲ್ಲಿ ಕೈ ಕುಲುಕಿ, ನನ್ನ ಕಣ್ಣು ಅವರ ಹಿಂದಿನವರ ಮೇಲೆ ಇರುತ್ತಿತ್ತು. ಅವರು ಮಾಡಿದ ಪೀಠದ ಮೇಲೆ ನಿಂತು ಪ್ರೀತಿಯ ಬಗ್ಗೆ ಎಷ್ಟು ಕೂಗಾಡಿದ್ದೇನೆ. ನಾಚಿಕೆಯಾಗುತ್ತಿದೆ. ಅಂದು ನಾಲಿಗೆ ತಪ್ಪಿತು ಅಂತ ಇಲ್ಲಿಯವರೆಗೆ ಹೇಳಿಕೊಂಡೆ. ಗೊತ್ತಿದ್ದರೆ ತಾನೆ ತಪ್ಪುವುದು. ನನಗೆ ಆ ಇಬ್ಬರೂ ಒಂದೇ ಆಗಿದ್ದರು.

ಚಿಕ್ಕ ಬಡಗಿಯವರನ್ನು ಕೇಳು. ನಾನು ಬರಬಹುದಾ ಅಂತ. ಅಣ್ಣನನ್ನು ಒಪ್ಪಿಸಿಕೊಡಲು ಅವರು ಒಪ್ಪಿದರೆ ಮಾತ್ರ. ಬೇಡ ಅಂದರೆ ಬೇಡ, ಬೇರೆ ಅಯ್ಯನವರನ್ನು ಕರೆಯಲಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅಯ್ಯನೋರಿಗೆ ಎಷ್ಟು ಹೊತ್ತು ಬಿಡುವಿದೆ ಅಂತ ಕೇಳಿದರೆ, ಅವರಿಗೆ ಬೇಕಾದಷ್ಟು ಅಂತ ಹೇಳು.


ಅಕ್ಟೋಬರ್ 19

ರೀ,

ಬರಬಹುದಂತೆ. ಶನಿವಾರ ಬೆಳಿಗ್ಗೆ. ಬೇರೆ ಯಾರೂ ಬೇಡ, ಸಮಿತಿಗೆ ತಿಳಿಸುವುದೂ ಬೇಡ, ಇಬ್ಬರೇ ಸಾಕು ಅಂದರು. ನನ್ನನ್ನೂ ಬರಬೇಡ ಅಂದಿದ್ದಾರೆ. ಬೇಜಾರಾಯಿತು, ಆದರೂ ಸರಿ.

ನೀವು ಮೊದಲು ಮನೆಗೆ ಬರಬೇಡಿ. ಮನೆಗೆ ಬಂದರೆ ಮುಖ ತೊಳೆದು, ಚಹಾ ಕುಡಿದು, ಯಾರಾದರೂ ಬಾಗಿಲು ತಟ್ಟಿ, ನೀವು ಮತ್ತೆ ಹಳೇ ಅಯ್ಯನೋರಾಗಿಬಿಡುತ್ತೀರಿ. ನೇರ ಅವರಲ್ಲಿಗೇ ಹೋಗಿ. ನನಗೆ ಹೆದರಿಕೆ ಇದೆ ರೀ. ಅವರಿಗೆ ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ಇಲ್ಲ. ಪುಸ್ತಕದಲ್ಲಿದ್ದದ್ದನ್ನು ಓದಿ ಬಂದುಬಿಡಬೇಡಿ.


ಅಕ್ಟೋಬರ್ 24, ಮಧ್ಯಾಹ್ನ
ಚಿಕ್ಕ ಬಡಗಿಯ ಮನೆಯಿಂದ

ಸೂಜಿ,

ಎರಡು ಬೀದಿಯಾಚೆ ನೀನಿದ್ದೀಯ, ಆದರೂ ಬರೆದು ಕಳಿಸುತ್ತಿದ್ದೇನೆ. ಇವರನ್ನು ಬಿಟ್ಟು ಏಳಲಾರೆ. ಪಕ್ಕದ ಮನೆಯಾಕೆ ಇದನ್ನು ತಂದುಕೊಡುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಸಮಾಧಿಗೆ ಹೋದೆವು. ಗುಂಡಿಯ ಮೇಲೆ ಹುಲ್ಲು ಬಂದಿದೆ. ನಾನು ಪುಸ್ತಕ ತೆಗೆಯಲಿಲ್ಲ. ನಿಮ್ಮಣ್ಣ ನನಗೆ ಗೊತ್ತಿಲ್ಲ, ನೀವು ಹೇಳಿ, ಆಮೇಲೆ ನಾನು ಹೇಳುತ್ತೇನೆ ಅಂದೆ. ಮೊದಲು "ಏನು ಹೇಳೋದು ಅಯ್ಯನೋರೇ, ಬಡಗಿ" ಅಂದರು. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತು ಶುರು ಮಾಡಿದವರು ಹನ್ನೊಂದೂವರೆಯವರೆಗೆ ಹೇಳಿದರು. ದೊಡ್ಡವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲವಂತೆ, ಅದಕ್ಕೆ ಎಡಗಡೆ ಬೆಂಚು. ರಾಗ ತಪ್ಪುತ್ತೆ ಅಂತ ಹಾಡುತ್ತಿರಲಿಲ್ಲ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅವೇ ಹಾಡನ್ನು ಜೋರಾಗಿ ಹಾಡುತ್ತಿದ್ದರು. ಮೇಜಿನ ಅಡಿಭಾಗವನ್ನೂ ಮೇಲಿನಷ್ಟೇ ನಯ ಮಾಡುತ್ತಿದ್ದರಂತೆ, "ಕೆಳಗೆ ಮಕ್ಕಳು ಕೂರ್ತಾವಲ್ಲೋ" ಅಂತ. ಅಪ್ಪ ಹೋದಾಗ ತಮ್ಮನಿಗೆ ಒಂಬತ್ತು ವರ್ಷ, ದೊಡ್ಡವರಿಗೆ ಹದಿನಾರು. ಕೆಲಸ ಕಲಿಸುವಾಗ ಮುಂಗೋಪದಲ್ಲಿ ಅಳತೆ ಪಟ್ಟಿಯಿಂದ ಹೊಡೆದದ್ದೂ ಉಂಟು. ಇಡೀ ಜೀವಮಾನದಲ್ಲಿ ಒಂದು ಸಲವೂ ಭೇಷ್ ಅಂದವರಲ್ಲ. ಅದನ್ನು ಹೇಳುವಾಗ ಇವರ ಧ್ವನಿ ಏರಿತು. ಗುಂಡಿಯ ಕಡೆ ತಿರುಗಿ, "ಒಂದು ಸಲ ಅಂದಿದ್ರೆ ನಿನ್ನ ಗಂಟು ಹೋಗ್ತಿತ್ತೇನೋ?" ಅಂತ ಕೂಗಿದರು. ನಾನು ತಡೆಯಲಿಲ್ಲ. ಸಮಾಧಾನ ಹೇಳಲು ಬಾಯಿ ಎರಡು ಸಲ ತೆರೆಯಿತು, ಎರಡು ಸಲವೂ ಮುಚ್ಚಿಕೊಂಡೆ.

ಮಾತು ಮುಗಿದ ಮೇಲೆ ಅವರೇ ಎದ್ದು ನಿಂತು "ಈಗ ಹೇಳಿ" ಅಂದರು.

ಹೇಳಿದೆ. ಒಂದೊಂದೇ ಮಾತು. ನಮ್ಮ ದೊಡ್ಡ ಬಡಗಿಯ ದೇಹವನ್ನು ಮಣ್ಣಿಗೂ, ಅಂದು ಒಂದು ಸಲ ಇವರ ಮುಖ ನೋಡಿದೆ. ಇವರು ಕಾದರು. ಅವರ ಆತ್ಮವನ್ನು ಕರ್ತನ ಕೈಗೂ ಒಪ್ಪಿಸುತ್ತೇವೆ ಅಂದೆ. ಇವರು ಬಗ್ಗಿ ಮಣ್ಣು ತೆಗೆದುಕೊಂಡು ಹುಲ್ಲಿನ ಮೇಲೆ ಹಾಕಿದರು, ಅಲ್ಲೇ ಕೂತುಬಿಟ್ಟರು. "ಹೋದ ಅಯ್ಯನೋರೇ. ನಮ್ಮಣ್ಣ ಹೋದ." ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಹಿಡಿದುಕೊಂಡೆ. ಅಲ್ಲಿಂದ ಮನೆಯವರೆಗೆ ದಾರಿಯುದ್ದಕ್ಕೂ ಅತ್ತರು. ಬಾಗಿಲಲ್ಲಿ ಹೆಂಡತಿಯನ್ನು ಕಂಡು ಇನ್ನೂ ಜೋರಾಯಿತು, ಈಗ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾರೆ. ನಾನೂ ಕೂತಿದ್ದೇನೆ.

ಅಕ್ಕಪಕ್ಕದವರು ಓಡಿಬಂದು ಹೊಸಿಲಲ್ಲಿ ನಿಂತು ಯಾರು ಹೋದರು ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿನಗೂ ತಿಳಿಸುತ್ತಿದ್ದೇನೆ. ದೊಡ್ಡ ಬಡಗಿ ತೀರಿಕೊಂಡರು. ಇವತ್ತು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಮನೆಯವರು ಅಳುತ್ತಿದ್ದಾರೆ. ಕೆಲಸ ಬಿಟ್ಟು ಬಾ.